ಹತ್ತಕ್ಕೆ ಎರಡು

೨೦೨೫ರ ಮಾರ್ಚ್ ೧೧, ಮಂಗಳವಾರ, ಮಧ್ಯಾಹ್ನ ಹನ್ನೆರಡು ಗಂಟೆ ಹದಿನೈದು ನಿಮಿಷಕ್ಕೆ ಮೂರನೇ ಮಹಡಿಯ ವಾರ್ಡಿನಿಂದ ಫೋನ್ ಬಂತು. ಅರಿವಳಿಕೆ ವೈದ್ಯೆ ಆಗಷ್ಟೇ ಒಂದು ಹರ್ನಿಯಾ ಆಪರೇಷನ್ ಮುಗಿಸಿ, ಥಿಯೇಟರಿನ ಹೊರಗಿನ ಬೆಂಚಿನ ಮೇಲೆ ಕೂತು ಆರಿದ ಚಹಾ ಕುಡಿಯುತ್ತಿದ್ದಳು.

"ಮೇಡಂ, ನಿಮ್ಮ ತಮ್ಮನ ಕಾಲು ಸ್ವಲ್ಪ ಗುಂ ಅಂತಿದೆಯಂತೆ," ಎಂದಳು ವಾರ್ಡಿನ ಸಿಸ್ಟರ್. "ಬೆಳಿಗ್ಗೆ ನೋವು ಹತ್ತಕ್ಕೆ ಸೊನ್ನೆ ಅಂದಿದ್ರು. ಈಗ ನಾಲ್ಕು ಅಂತಿದಾರೆ. ನೋವಿನ ಪಂಪಿನ ಔಷಧ ಜಾಸ್ತಿ ಮಾಡಲಾ?"

"ಬೆರಳು ಆಡಿಸ್ತಾನಾ?"

"ಒಂಚೂರು ಆಡಿಸ್ತಾರೆ. ನಾನು ಎಳೆದು ನೋಡಲಿಲ್ಲ ಮೇಡಂ. ನಿಮ್ಮವರು, ಸುಮ್ನೆ ನೋಯಿಸೋದ್ಯಾಕೆ ಅಂತ."

ಬೆಳಗಿನ ಕಾಲಿನ ಆಪರೇಷನ್ನಿಗೆಂದು ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನ ಪ್ರಭಾವ ಇಳಿಯುವ ಹೊತ್ತು ಅದು. ಸೊನ್ನೆ ಇದ್ದದ್ದು ನಾಲ್ಕಾಗುವುದರಲ್ಲಿ ವಿಶೇಷವೇನೂ ಇಲ್ಲ ಎಂದು ಆಕೆ ಲೆಕ್ಕ ಹಾಕಿದಳು. ಲೆಕ್ಕ ತಪ್ಪೆಂದು ಹೇಳುವಂತಿರಲಿಲ್ಲ. ಅದು ಒಂದು ಸಾಧ್ಯತೆ ಮಾತ್ರ ಎಂಬುದನ್ನು ಆಕೆ ಆ ಕ್ಷಣಕ್ಕೆ ಮರೆತಿದ್ದಳು, ಅಷ್ಟೇ.

"ಐದು ಎಂ.ಎಲ್. ಒಂದೇ ಸಲಕ್ಕೆ ಕೊಡಿ. ಆಮೇಲೆ ಪಂಪಿನ ವೇಗ ಸ್ವಲ್ಪ ಏರಿಸಿ," ಎಂದು ಹೇಳಿ, ಚಹಾದ ಲೋಟ ಕೆಳಗಿಟ್ಟು ಮುಂದಿನ ರೋಗಿಯ ಬಳಿ ಹೋದಳು.

ಆ ಆಸ್ಪತ್ರೆಯಲ್ಲಿ ನೋವನ್ನು ಅಂಕಗಳಲ್ಲಿ ಕೇಳುವ ರೂಢಿ ಇತ್ತು. ಏನೂ ಇಲ್ಲದಿದ್ದರೆ ಸೊನ್ನೆ, ಪ್ರಾಣ ಹೋಗುವಂತಿದ್ದರೆ ಹತ್ತು. ತಮ್ಮನಿಗೆ ಈ ಪದ್ಧತಿ ಬಹಳ ಹಿಡಿಸಿತ್ತು, ಏಕೆಂದರೆ ಅಂಕ ಹಾಕುವುದೇ ಅವನ ಕಸುಬು. ಡ್ರೈವಿಂಗ್ ಶಾಲೆಯೊಂದರಲ್ಲಿ ಕಾರು ಕಲಿಸುತ್ತಿದ್ದ ಅವನನ್ನು ಸುತ್ತಲಿನವರೆಲ್ಲ ಬ್ರೇಕ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ಗಾಬರಿಯಾದಾಗ ಕಾರನ್ನು ನಿಲ್ಲಿಸುವುದು ಅದು. ಅದರ ಮೇಲೆ ದಿನವಿಡೀ ಬಲಗಾಲನ್ನು ತೇಲಿಸಿಕೊಂಡು ಕೂರಬೇಕು. ಒತ್ತಿದರೆ ಗಾಡಿ ನಿಲ್ಲುತ್ತದೆ, ನೆಲಕ್ಕಿಟ್ಟರೆ ಬೇಕಾದಾಗ ತಡವಾಗುತ್ತದೆ. ಹಿಮ್ಮಡಿ ಊರಿ ಪಾದವನ್ನು ಮೇಲಕ್ಕೆತ್ತಿ ಹಿಡಿಯುವ ಆ ಕೆಲಸವನ್ನು ಮುಂಗಾಲಿನ ಎಲುಬಿನ ಪಕ್ಕದ ಒಂದು ಹಿಡಿ ಸ್ನಾಯು ಮಾಡುತ್ತದೆ. ತಮ್ಮನ ಕುಟುಂಬ ನಡೆಯುತ್ತಿದ್ದದ್ದು ಆ ಒಂದು ಹಿಡಿ ಸ್ನಾಯುವಿನ ಮೇಲೆ ಎಂದರೆ ಅತಿಶಯವಲ್ಲ.

ಹಿಂದಿನ ಸಂಜೆ ಅವನು ಕಾರಿನಿಂದ ಕೆಳಗಿಳಿದಿದ್ದ. ನಿವೃತ್ತ ಗಣಿತದ ಅಧ್ಯಾಪಕರೊಬ್ಬರಿಗೆ ಹಿಂದಕ್ಕೆ ಓಡಿಸುವುದನ್ನು ಹೊರಗೆ ನಿಂತು ತೋರಿಸುತ್ತಿದ್ದ. ಅವರು ಕೋನ ಲೆಕ್ಕ ಹಾಕುತ್ತ ಹಾಕುತ್ತ ಬ್ರೇಕಿನ ಬದಲು ಪಕ್ಕದ್ದನ್ನು ತುಳಿದರು. ಕಾರಿನ ಹಿಂಭಾಗಕ್ಕೂ ಗೋಡೆಗೂ ನಡುವೆ ಬಲಗಾಲು ಸಿಕ್ಕಿಕೊಂಡಿತು. ಚರ್ಮ ಹರಿಯಲಿಲ್ಲ, ಒಳಗೆ ಮೊಣಕಾಲಿನ ಕೆಳಗಿನ ಎರಡೂ ಎಲುಬು ಮುರಿದವು.

"ಹನ್ನೊಂದು ವರ್ಷದಲ್ಲಿ ಬ್ರೇಕ್ ಬಿಟ್ಟು ಇಳಿದದ್ದು ಅದೊಂದೇ ಸಲ ಅಕ್ಕ," ಎಂದಿದ್ದ, ಸ್ಟ್ರೆಚರಿನ ಮೇಲೆ. ಮುಖ ಸುಣ್ಣದ ಹಾಗಿತ್ತು, ಬಾಯಿ ಮಾತ್ರ ನಿಂತಿರಲಿಲ್ಲ. "ಮೇಷ್ಟ್ರನ್ನ ಬೈಬೇಡ ಆಯ್ತಾ. ಪಾಪ, ಅವರು ಅಳ್ತಾ ಇದಾರೆ. ಉತ್ತರ ಸರಿ ಇತ್ತಂತೆ, ಪೆಡಲ್ ತಪ್ಪಾಯ್ತಂತೆ."

ಮೂಳೆಯ ಸರ್ಜನ್ನರನ್ನು ಆಸ್ಪತ್ರೆಯಲ್ಲಿ ಬಡಗಿ ಎಂದು ಕರೆಯುತ್ತಿದ್ದರು, ಬೆನ್ನ ಹಿಂದೆಯೂ, ಎದುರಿಗೂ. ಕೊರೆಯುವುದು, ಸ್ಕ್ರೂ ಬಿಗಿಯುವುದು, ಸುತ್ತಿಗೆಯಲ್ಲಿ ತಟ್ಟುವುದು, ಎಲ್ಲವೂ ಅವರ ಕೆಲಸದಲ್ಲಿತ್ತು. ಐವತ್ತೈದು ದಾಟಿದ ಅವರಿಗೆ ಒಂದು ಹಟವಿತ್ತು. ಮೊಣಕಾಲಿನ ಕೆಳಗೆ ಮುರಿದವರಿಗೆ, ಅದರಲ್ಲೂ ಜಜ್ಜಿಹೋದವರಿಗೆ, ಆಪರೇಷನ್ ಆದ ಮೇಲೆ ನರವನ್ನು ಮರಗಟ್ಟಿಸಲು ಅವರು ಬಿಡುತ್ತಿರಲಿಲ್ಲ.

"ಕಾಲು ಮಾತಾಡ್ಬೇಕು ಡಾಕ್ಟ್ರೇ," ಎಂದಿದ್ದರು ಅಂದು ಬೆಳಿಗ್ಗೆಯೂ, ಕೈ ತೊಳೆಯುತ್ತ. "ನೀವು ಬಾಯಿ ಕಟ್ಟಿಬಿಟ್ರೆ ನನಗೆ ಹೇಗೆ ಗೊತ್ತಾಗ್ಬೇಕು?"

"ಸರ್, ಅವನಿಗೆ ಮುಳ್ಳು ಚುಚ್ಚಿದ್ರೆ ಬೀದಿಯೆಲ್ಲ ಒಂದು ಮಾಡ್ತಿದ್ದ. ನಿಮಗೆ ಗೊತ್ತಿಲ್ಲ ಅವನ ಸಂಗತಿ. ತೆಳು ಔಷಧ ಹಾಕ್ತೀನಿ. ನೋವು ಪೂರ್ತಿ ಮುಚ್ಚಲ್ಲ, ಬೆರಳೂ ಆಡುತ್ತೆ."

"ಬೇರೆಯವರಾಗಿದ್ರೆ ಇಲ್ಲ ಅಂತಿದ್ದೆ."

"ಗೊತ್ತು ಸರ್."

ಅವರು ನೀರು ಸೋರುವ ಕೈಗಳನ್ನು ಮೇಲಕ್ಕೆತ್ತಿ ನಿಂತು ಒಂದು ಗಳಿಗೆ ಯೋಚಿಸಿದರು. "ಸರಿ ತಾಯಿ. ನಿಮ್ಮ ತಮ್ಮ, ನಿಮ್ಮ ಸೂಜಿ."

ಅದಕ್ಕೂ ಮೊದಲು, ಏಳು ಗಂಟೆಗೇ, ಅಮ್ಮ ಫೋನ್ ಮಾಡಿದ್ದಳು. "ನೀನಿದ್ದೂ ಅವನಿಗೆ ನೋವಾದ್ರೆ ನೀನು ಓದಿದ್ದೇನು ಬಂತು?" ಎಂದಿದ್ದಳು. ಚಿಕ್ಕಂದಿನಲ್ಲಿ ತಮ್ಮನ ಕಾಲಿನ ಮುಳ್ಳು ತೆಗೆಯುವಾಗ ಅವನ ತಲೆಯನ್ನು ತೊಡೆಯ ಮೇಲೆ ಒತ್ತಿ ಹಿಡಿದು ಕಣ್ಣು ಮುಚ್ಚುವ ಕೆಲಸ ಅಕ್ಕನದಾಗಿತ್ತು. ಅದನ್ನೇ ದೊಡ್ಡ ಓದಿನ ಮೂಲಕ ಮುಂದುವರಿಸಿದ್ದಾಳೆ ಎಂದು ಮನೆಯಲ್ಲಿ ತಮಾಷೆ ಮಾಡುತ್ತಿದ್ದರು.

ಆಪರೇಷನ್ ಚೆನ್ನಾಗಿಯೇ ಆಯಿತು. ಮೊಣಕಾಲಿನ ಕೆಳಗೆ ಸಣ್ಣ ಗಾಯ ಮಾಡಿ, ಎಲುಬಿನ ಪೊಳ್ಳಿನೊಳಗೆ ಉದ್ದನೆಯ ರಾಡು ಇಳಿಸಿ, ಮೇಲೆರಡು ಕೆಳಗೆರಡು ಸ್ಕ್ರೂ ಹಾಕಿದರು. ಎಕ್ಸರೇಯಲ್ಲಿ ಎಲುಬು ಗೆರೆ ಎಳೆದಂತೆ ನೆಟ್ಟಗಿತ್ತು. ಬೆನ್ನಿನ ಇಂಜೆಕ್ಷನ್ ಇನ್ನೂ ಹಿಡಿದಿದ್ದಾಗಲೇ ಅಕ್ಕ ಮಂಡಿಯ ಹಿಂದೆ, ನರದ ಪಕ್ಕಕ್ಕೆ, ದಾರದಷ್ಟು ಸಪೂರ ಕೊಳವೆಯೊಂದನ್ನು ಸೇರಿಸಿ ಅಂಟಿಸಿದಳು. ಅದರ ಇನ್ನೊಂದು ತುದಿಗೆ ಪಂಪು. ಪಂಪು ನಿಮಿಷ ನಿಮಿಷಕ್ಕೂ ಒಂದಿಷ್ಟು ಔಷಧವನ್ನು ತಳ್ಳುತ್ತಿತ್ತು.

ಬಡಗಿಯ ಹಟಕ್ಕೆ ಕಾರಣವಿತ್ತು. ಮೊಣಕಾಲಿನ ಕೆಳಗೆ ಸ್ನಾಯುಗಳು ನಾಲ್ಕು ಕೋಣೆಗಳಲ್ಲಿ ಹಂಚಿಕೊಂಡಿರುತ್ತವೆ. ಕೋಣೆಯ ಗೋಡೆ ಎಂದರೆ ಬಿಗಿಯಾದ, ಹಿಗ್ಗದ ಪೊರೆ. ಏಟು ತಿಂದ ಸ್ನಾಯು ಊದುತ್ತದೆ, ಆದರೆ ಗೋಡೆ ಜಾಗ ಬಿಡುವುದಿಲ್ಲ. ಒಳಗಿನ ಒತ್ತಡ ಏರಿ, ಸಣ್ಣ ರಕ್ತನಾಳಗಳು ಅಪ್ಪಚ್ಚಿಯಾಗುತ್ತವೆ. ಪಾದದ ನಾಡಿ ಮಾತ್ರ ಏನೂ ಆಗಿಲ್ಲವೆಂಬಂತೆ ಬಡಿಯುತ್ತಲೇ ಇರುತ್ತದೆ. ಕೆಲವು ಗಂಟೆಗಳಲ್ಲಿ ಸ್ನಾಯು ಸಾಯುತ್ತದೆ. ಅದಕ್ಕೆ ಮೊದಲು ಅದು ಕೊಡುವ ಸೂಚನೆ ಎಂದರೆ ನೋವು, ಮುರಿದ ಎಲುಬಿಗೆ ಇರಬೇಕಾದದ್ದಕ್ಕಿಂತ ಹೆಚ್ಚಿನ, ಏರುತ್ತಲೇ ಹೋಗುವ ನೋವು. ಇದನ್ನು ಅಕ್ಕ ಕಿರಿಯ ವೈದ್ಯರಿಗೆ ಪಾಠವಾಗಿ ಹೇಳಿದ್ದಳು, ಒಂದಲ್ಲ ಎರಡಲ್ಲ, ಪ್ರತಿ ವರ್ಷ.

ಮೂರು ಮುಕ್ಕಾಲಿನ ಹೊತ್ತಿಗೆ ತಮ್ಮನ ಹೆಂಡತಿ ಥಿಯೇಟರಿನ ಬಾಗಿಲಿಗೇ ಬಂದಳು. ಒಳಗೆ ಬರಬಾರದೆಂದು ಗೊತ್ತಿದ್ದರಿಂದ ಗಾಜಿನ ಹೊರಗೆ ನಿಂತು ಕೈ ಆಡಿಸುತ್ತಿದ್ದಳು.

"ಅತ್ತಿಗೆ, ಒಂದ್ಸಲ ಬಂದು ನೋಡ್ತೀರಾ?"

"ಏನಾಯ್ತು? ನೋವಂತಾ?"

"ನೋವಿಲ್ಲ ಅಂತಾರೆ. ಸಿಸ್ಟರ್ ಕೇಳಿದ್ರೆ ಹತ್ತಕ್ಕೆ ಎರಡು ಅಂತಾರೆ. ಆದ್ರೆ ಸುಮ್ನಿದಾರೆ ಅತ್ತಿಗೆ. ಒಂದು ಗಂಟೆಯಿಂದ ಒಂದು ಮಾತಿಲ್ಲ, ತಮಾಷೆ ಇಲ್ಲ. ಆ ಗಣಿತದ ಮೇಷ್ಟ್ರು ಹಣ್ಣು ಹಿಡ್ಕೊಂಡು ಬಂದ್ರು, ಅವರನ್ನೂ ಛೇಡಿಸಲಿಲ್ಲ. ಇವರು ಸುಮ್ನಿರೋ ಪೈಕಿನಾ?"

ಅಕ್ಕ ಲಿಫ್ಟಿಗೆ ಕಾಯಲಿಲ್ಲ.

ತಮ್ಮ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದ. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಮಂಚದ ಕಂಬಿಯನ್ನು ಹಿಡಿದ ಬೆರಳುಗಳ ಗಂಟು ಬಿಳುಚಿತ್ತು.

"ಎಷ್ಟೋ?"

"ಎರಡು."

"ಸುಳ್ಳು ಹೇಳ್ತಿದೀಯ."

"ಇಲ್ಲಕ್ಕ, ನೋವು ಎರಡೇ." ಅವನು ತುಟಿ ಒದ್ದೆ ಮಾಡಿಕೊಂಡ. "ಬಿಗಿ. ಸಣ್ಣ ಮಗುವಿನ ಬೂಟಿಗೆ ನನ್ನ ಕಾಲು ತುರುಕಿದ ಹಾಗಿದೆ. ಪಟ್ಟಿ ಬಿಚ್ಚಿದ್ರೆ ಸರಿಹೋಗುತ್ತೆ ಅನ್ಸುತ್ತೆ."

"ಯಾವಾಗಿಂದ?"

"ಊಟದ ಹೊತ್ತಿಂದ. ಮಧ್ಯ ಒಂದು ಡೋಸ್ ಬಂತಲ್ಲ, ಆಗ ನೋವು ಹೋಯ್ತು, ಬಿಗಿ ಉಳೀತು."

"ಹೇಳೋಕೇನು ಧಾಡಿ ನಿನಗೆ?"

"ಅವರು ಕೇಳ್ತಿದ್ದದ್ದು ನೋವು ಎಷ್ಟು ಅಂತ. ಬಿಗಿಗೆ ಎಷ್ಟು ಮಾರ್ಕ್ಸ್ ಹಾಕ್ಲಿ?" ನಗಲು ನೋಡಿದ, ಆಗಲಿಲ್ಲ. "ಅಮ್ಮನಿಗೆ ಫೋನಲ್ಲಿ ಹೇಳಿಬಿಟ್ಟಿದ್ದೆ, ಅಕ್ಕ ನೋವೇ ಇಲ್ಲದ ಹಾಗೆ ಮಾಡಿದಾಳೆ ಅಂತ. ಆಮೇಲೆ ನಾನೇ ಅಯ್ಯೋ ಅಮ್ಮಾ ಅಂತ ಕೂತ್ರೆ ನಿನ್ನ ಮರ್ಯಾದೆ ಏನಾಗ್ಬೇಕು, ಇಲ್ಲೆಲ್ಲ ನಿನ್ನ ಜನ."

ಅಕ್ಕ ಕತ್ತರಿ ತೆಗೆದುಕೊಂಡು ಪಟ್ಟಿಯನ್ನು ಉದ್ದಕ್ಕೂ ಕತ್ತರಿಸಿ ಬಿಡಿಸಿದಳು. ಮುಂಗಾಲಿನ ಚರ್ಮ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಬೆರಳಿನಿಂದ ಒತ್ತಿದಳು. ಮೇಜಿನ ಅಂಚನ್ನು ಒತ್ತಿದ ಹಾಗಿತ್ತು. ಪಾದದ ಮೇಲಿನ ನಾಡಿ ಬಡಿಯುತ್ತಿತ್ತು, ಚೆನ್ನಾಗಿಯೇ. ಹೆಬ್ಬೆರಳನ್ನು ಹಿಡಿದು ನಿಧಾನವಾಗಿ ಕೆಳಕ್ಕೆ ಬಗ್ಗಿಸಿದಳು. ಅಷ್ಟು ಔಷಧದ ಪರದೆಯನ್ನೂ ಹರಿದುಕೊಂಡು ನೋವು ಹೊರಬಂತು. ತಮ್ಮ ಸೊಂಟದಿಂದ ಮೇಲೆದ್ದು ಅವಳ ಬಲ ಮಣಿಕಟ್ಟನ್ನು ಬಿಗಿಯಾಗಿ ಹಿಡಿದ.

ಆಕೆ ಎಡಗೈಯಿಂದ ಪಂಪು ನಿಲ್ಲಿಸಿದಳು. ಆಮೇಲೆ ಬಡಗಿಗೆ ಫೋನ್ ಮಾಡಿದಳು.

"ಸರ್, ಒತ್ತಡ ಅಳೆಯೋ ಸೂಜಿ ತಗೊಂಡು ಬನ್ನಿ."

ಅತ್ತ ಕಡೆಯಿಂದ ಕುರ್ಚಿ ಸರಿದ ಸದ್ದು ಮಾತ್ರ ಕೇಳಿಸಿತು.

ಬಡಗಿ ಸೂಜಿಯನ್ನು ಮುರಿತದ ಸಮೀಪ, ಮುಂದಿನ ಕೋಣೆಯೊಳಗೆ ಇಳಿಸಿದರು. ಸಣ್ಣ ಪರದೆಯ ಮೇಲೆ ಅಂಕಿಗಳು ಓಡಾಡಿ ನಿಂತವು. ನಲವತ್ತಾರು. ಆಗ ತಮ್ಮನ ರಕ್ತದೊತ್ತಡದ ಕೆಳಗಿನ ಅಂಕಿ ಅರವತ್ತೆಂಟು. ಎರಡರ ನಡುವಿನ ಅಂತರ ಮೂವತ್ತಕ್ಕಿಂತ ಕಡಿಮೆ ಇದ್ದರೆ ಕಾಯಬಾರದು ಎಂಬುದು ಅವರು ಪಾಲಿಸುತ್ತ ಬಂದ ನಿಯಮ. ಅಂತರ ಇಪ್ಪತ್ತೆರಡು ಇತ್ತು.

"ಥಿಯೇಟರ್ ಖಾಲಿ ಇದೆಯಾ?" ಎಂದರು.

"ಮಾಡಿಸ್ತೀನಿ ಸರ್. ಈ ಸಲ ಅರಿವಳಿಕೆ ನಾನು ಕೊಡಲ್ಲ. ನಮ್ಮ ವಿಭಾಗದ ಹಿರಿಯ ಡಾಕ್ಟ್ರಿಗೆ ಹೇಳ್ತೀನಿ."

"ಒಳ್ಳೇದು," ಎಂದರು ಅವರು. ಹೊರಗೆ ಬಂದು ಬಾಗಿಲ ಹತ್ತಿರ ನಿಂತು, ದನಿ ತಗ್ಗಿಸಿ ಸೇರಿಸಿದರು: "ನಿಮ್ಮೊಬ್ಬರದೇ ಅಲ್ಲ. ನಮ್ಮವರು ಅಂದ ತಕ್ಷಣ ನಾನು ತಲೆ ಮನೇಲಿಟ್ಟು ಬಂದೆ. ಸಿಸ್ಟರ್ ಬೆರಳು ಎಳೀಲಿಲ್ಲ. ಯಾರೋ ದಾರಿಹೋಕ ಆಗಿದ್ದಿದ್ರೆ ಹನ್ನೆರಡೂ ಕಾಲಿಗೇ ಸಿಕ್ಕಿಬೀಳ್ತಿತ್ತು."

ಆಕೆ ತಲೆಯಾಡಿಸಿದಳು. ಹನ್ನೆರಡೂ ಕಾಲಿನಿಂದ ನಾಲ್ಕರವರೆಗಿನ ಅವಧಿಯನ್ನು ಮನಸ್ಸು ಆಗಲೇ ಕೂಡಿ ಕಳೆದು ಮುಗಿಸಿತ್ತು.

ಥಿಯೇಟರಿನಲ್ಲಿ ಆಕೆ ಗೋಡೆಗೆ ಬೆನ್ನು ಹಚ್ಚಿ, ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತಳು. ಬಡಗಿ ಕಾಲಿನ ಎರಡೂ ಬದಿಗೆ ಉದ್ದಕ್ಕೂ ಕೊಯ್ದು, ನಾಲ್ಕು ಕೋಣೆಗಳ ಪೊರೆಯನ್ನೂ ಸೀಳಿದರು. ಮುಂದಿನ ಕೋಣೆಯ ಪೊರೆ ತೆರೆದಾಗ ಸ್ನಾಯು ಹಿಟ್ಟಿನ ಹಾಗೆ ಉಬ್ಬಿ ಹೊರಕ್ಕೆ ಬಂತು. ಹಿಂಬದಿಯ ಸ್ನಾಯುಗಳು ಕೆಂಪಗಿದ್ದವು, ಚಿಮಟಿಗೆ ತಾಕಿದೊಡನೆ ನಡುಗಿದವು. ಮುಂಬದಿಯದು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಬಡಗಿ ಚಿವುಟಿದರು. ಅಲ್ಲಾಡಲಿಲ್ಲ. ಬಿಸಿ ನೀರಿನ ಬಟ್ಟೆ ಹೊದಿಸಿ ಕಾದರು. ಉಸಿರಾಟದ ಯಂತ್ರ ತನ್ನ ಪಾಡಿಗೆ ಸದ್ದು ಮಾಡುತ್ತಿತ್ತು.

ಬಟ್ಟೆ ತೆಗೆದಾಗ ಮೇಲಿನ ಭಾಗ ಸ್ವಲ್ಪ ಕೆಂಪೇರಿತ್ತು. ಮತ್ತೆ ಚಿವುಟಿದಾಗ ಮಿಸುಕಿತು. ಕೆಳಗಿನ ಭಾಗ ಹಾಗೇ ಇತ್ತು.

"ಇದನ್ನ ಈಗಲೇ ತೆಗೆಯಲ್ಲ," ಎಂದರು ಬಡಗಿ. "ಎರಡು ದಿನ ಅವಕಾಶ ಕೊಡೋಣ."

ಎರಡು ದಿನದ ಮೇಲೆ ಮತ್ತೆ ನೋಡಿದಾಗ ಸತ್ತ ಭಾಗ ಯಾವುದೆಂದು ಸ್ಪಷ್ಟವಾಗಿತ್ತು. ಒಂದು ದೊಡ್ಡ ನಿಂಬೆಹಣ್ಣಿನಷ್ಟನ್ನು ತೆಗೆದರು.

ಆ ಸಂಜೆ ಅಕ್ಕ ಕುರ್ಚಿ ಎಳೆದುಕೊಂಡು ತಮ್ಮನ ಪಕ್ಕ ಕೂತಳು. ಅವನ ಹೆಂಡತಿಯೂ ಅಲ್ಲೇ ಇದ್ದಳು. ನರಕ್ಕೆ ಔಷಧ ಹಾಕಿದ್ದು, ಬಡಗಿ ಬೇಡವೆಂದದ್ದು, ಮಧ್ಯಾಹ್ನ ಬಂದು ನೋಡದೆ ಫೋನಿನಲ್ಲೇ ಹೆಚ್ಚಿಸಿದ್ದು, ಅದರಿಂದ ಮೂರೂವರೆ ಗಂಟೆ ಹಾಳಾದದ್ದು, ಎಲ್ಲವನ್ನೂ ನಡೆದ ಕ್ರಮದಲ್ಲಿ ಹೇಳಿದಳು. ಬೇರೆ ಯಾವ ರೋಗಿಯ ಮನೆಯವರಿಗೂ ಹೇಳುವ ದನಿಯಲ್ಲೇ ಹೇಳಿದಳು. ಅದಲ್ಲದೆ ಬೇರೆ ದನಿ ಆಕೆಗೆ ಸಿಗಲಿಲ್ಲ.

ತಮ್ಮ ಛಾವಣಿ ನೋಡುತ್ತ ಕೇಳಿಸಿಕೊಂಡ.

"ಪಾದ ಎತ್ತೋಕಾಗುತ್ತಾ?"

"ಗೊತ್ತಿಲ್ಲ. ಉಳಿದದ್ದು ಬಲಿತರೆ ಆಗಬಹುದು."

"ಎತ್ತೋಕಾಗದಿದ್ರೆ ನಾನು ಶಾಲೇಲಿ ಬರೀ ಬೋರ್ಡಿನ ಮೇಲೆ ಚಿತ್ರ ಬರೀಬೇಕು. ಮಾಲೀಕ ಆಗಲೇ ಹೇಳಿ ಕಳಿಸಿದಾನೆ, ಸೀಟು ಇಟ್ಟಿರ್ತೀನಿ, ಕಾಲು ಗ್ಯಾರಂಟಿ ತಗೊಂಡು ಬಾ ಅಂತ."

"ಹೂಂ."

ಅವನ ಹೆಂಡತಿ ಎದ್ದು ಕಿಟಕಿಯ ಬಳಿ ಹೋದಳು. ಅವಳು ಅತ್ತಿಗೆಯ ಜತೆ ಮುಂದಿನ ಕೆಲವು ವಾರ ಬೇಕಾದಷ್ಟೇ ಮಾತಾಡಿದಳು. ತಮ್ಮ ಮಾತ್ರ ಕೊನೆಗೆ ಈ ಕಡೆ ತಿರುಗಿದ.

"ಅಮ್ಮನಿಗೆ ನೀನೇ ಹೇಳು. ನಾನು ಹೇಳಿದ್ರೆ ನಿನ್ನ ಪರ ವಹಿಸಿ ಮಾತಾಡ್ತೀನಿ ಅಂತ ಬೈತಾಳೆ."

ಗಾಯಗಳನ್ನು ತೆರೆದೇ ಇಟ್ಟಿದ್ದರು. ಪಟ್ಟಿ ಬದಲಿಸುವಾಗ ಡ್ರಿಪ್ಪಿನಲ್ಲಿ ನೋವಿನ ಔಷಧ ಹೋಗುತ್ತಿದ್ದರೂ ಅವನು ಚಿಕ್ಕಂದಿನ ಹಾಗೆಯೇ ಕೂಗುತ್ತಿದ್ದ. ಮೂರನೇ ಮಹಡಿಯ ಕೂಗು ಮೆಟ್ಟಿಲಿಳಿದು ಥಿಯೇಟರಿನವರೆಗೂ ಬರುತ್ತಿತ್ತು. ಅಕ್ಕ ಪ್ರತಿ ಸಲ ಹೋಗಿ ಬೆರಳುಗಳನ್ನು ತಾನೇ ಎಳೆದು ನೋಡಿ ಬರುತ್ತಿದ್ದಳು. ಸಿಸ್ಟರ್ ಈಗ ಯಾರ ಮನೆಯವರೆಂದು ನೋಡದೆ ಎಲ್ಲರ ಬೆರಳನ್ನೂ ಎಳೆಯುತ್ತಿದ್ದಳು, ನೋವಿದೆಯಾ ಎಂದ ಮೇಲೆ ಬಿಗಿ ಇದೆಯಾ ಎಂದೂ ಕೇಳುತ್ತಿದ್ದಳು. ಎರಡನೆಯ ವಾರ ತೊಡೆಯ ಚರ್ಮ ತೆಗೆದು ಗಾಯಕ್ಕೆ ಹೊಲಿದರು.

ಏಪ್ರಿಲಿನಲ್ಲಿ ಅವನು ಊರುಗೋಲು ಹಿಡಿದು ನಡೆದಾಗ ಬಲಪಾದ ಜೋತುಬಿದ್ದು ನೆಲಕ್ಕೆ ಉಜ್ಜುತ್ತಿತ್ತು. ಪ್ಲಾಸ್ಟಿಕ್ಕಿನ ಒಂದು ಆಸರೆಯನ್ನು ಬೂಟಿನೊಳಗೆ ತೊಡಿಸಿ ಪಾದವನ್ನು ಎತ್ತಿ ಹಿಡಿದರು. ಎಲುಬು ಕೂಡಿಕೊಳ್ಳುವುದೂ ನಿಧಾನವಾಯಿತು, ಸುತ್ತಲಿನ ಸ್ನಾಯು ಸೊರಗಿದಾಗ ಹಾಗಾಗುವುದುಂಟು. ಗಣಿತದ ಮೇಷ್ಟ್ರು ಪ್ರತಿ ಭಾನುವಾರ ಬಂದು ಅವನ ಎದುರಿಗೆ ಕೂತು ವ್ಯಾಯಾಮ ಮಾಡಿಸುತ್ತಿದ್ದರು. "ಇನ್ನೊಂದು ಸಲ ಎತ್ತಿ," ಎನ್ನುತ್ತಿದ್ದರು. "ನೀವು ನನಗೆ ಇಷ್ಟು ತಾಳ್ಮೆಯಿಂದ ಹೇಳಿಕೊಟ್ಟಿರಲಿಲ್ಲ," ಎಂದೂ ಸೇರಿಸುತ್ತಿದ್ದರು. "ನೀವು ಇಷ್ಟು ನಿಧಾನವಾಗಿ ರಿವರ್ಸ್ ತಗೊಂಡಿದ್ರೆ ಈ ತಾಳ್ಮೆ ಬೇಕಾಗ್ತಿರಲಿಲ್ಲ ಸಾರ್," ಎಂದು ತಮ್ಮ ಹೇಳುತ್ತಿದ್ದ. ಮೇಷ್ಟ್ರು ತಲೆ ತಗ್ಗಿಸಿ, "ಒಪ್ಪಿದೆ," ಎನ್ನುತ್ತಿದ್ದರು.

ಸೆಪ್ಟೆಂಬರಿನ ಕೊನೆಯಲ್ಲಿ ಫಿಸಿಯೋಥೆರಪಿ ಕೋಣೆಯಲ್ಲಿ ಅಳೆಯುವ ದಿನ ಬಂತು. ಆ ಕೋಣೆಯ ಫಿಸಿಯೋಥೆರಪಿಸ್ಟ್ ಕಡ್ಡಿಯಂಥ ಮನುಷ್ಯ, ನಗು ಕಮ್ಮಿ. ಅವರು ಮೊದಲೇ ಷರತ್ತು ಹೇಳಿದ್ದರು.

"ಪಾದ ಕಾಲಿಗೆ ನೇರ ಕೋನದಲ್ಲಿದ್ರೆ ಸೊನ್ನೆ. ಅದಕ್ಕಿಂತ ಮೇಲೆ ನೀವೇ ಎತ್ತಬೇಕು. ಐದು ಡಿಗ್ರಿ ಬಂದ್ರೆ ಕಾರಿಗೆ ಹತ್ತಬಹುದು ಅಂತ ಬರೆದು ಕೊಡ್ತೀನಿ. ಆದ್ರೆ ಮೊದಲನೇ ಸಲದ್ದು ಲೆಕ್ಕಕ್ಕಿಲ್ಲ. ಮೂರು ಸಲ ಎತ್ತಿ ಹಿಡೀಬೇಕು, ಒಂದೊಂದು ಸಲಾನೂ ಒಂದು ನಿಮಿಷ. ಮೂರನೇದರಲ್ಲಿ ಎಷ್ಟು ಉಳಿದಿದೆ ಅನ್ನೋದೇ ಲೆಕ್ಕ. ಸುಸ್ತಾದ ಮೇಲೆ ತಾನೇ ಬ್ರೇಕು ಬೇಕಾಗೋದು?"

ಅಕ್ಕ ಕೋನಮಾಪಕಕ್ಕೆ ಕೈ ಚಾಚಿದಳು. ಫಿಸಿಯೋಥೆರಪಿಸ್ಟ್ ಅದನ್ನು ಹಿಂದಕ್ಕೆ ಎಳೆದುಕೊಂಡರು.

"ಬೇಡಿ ಮೇಡಂ. ನಿಮ್ಮವರು."

ಆಕೆ ಹಿಂದೆ ಸರಿದು, ತಮ್ಮನ ಹೆಂಡತಿಯ ಪಕ್ಕ ನಿಂತಳು. ಅವಳು ನಿಂತಲ್ಲೇ ಸ್ವಲ್ಪ ಸರಿದು ಜಾಗ ಕೊಟ್ಟಳು.

ಮೊದಲು ಎಡಗಾಲನ್ನು ಅಳೆದರು. ಹದಿನೆಂಟು. ಆಮೇಲೆ ಬಲಗಾಲು. ಸೊರಗಿದ ಮುಂಗಾಲಿನಲ್ಲಿ, ತೇಪೆ ಹಾಕಿದ ಚರ್ಮದ ಕೆಳಗೆ, ಹಗ್ಗದಂಥದ್ದೊಂದು ಬಿಗಿದು ಎದ್ದು ಕಂಡಿತು. ಪಾದ ಮೇಲಕ್ಕೆ ಬಂತು. ಒಂಬತ್ತು. ಒಂದು ನಿಮಿಷ ಬಿಡುವು. ಎರಡನೆಯ ಸಲ ಪಾದ ಹೊರಡುವಾಗಲೇ ಸಣ್ಣಗೆ ನಡುಗಿತು. ಏಳು.

"ನೋವಿದೆಯಾ?" ಎಂದಳು ಅಕ್ಕ.

"ನಾಲ್ಕು," ಎಂದ ತಮ್ಮ, ಹಲ್ಲು ಬಿಗಿಹಿಡಿದು. "ಬಿಗಿ ಬೇರೆ ಇದೆ. ಅದಕ್ಕೂ ಒಂದು ಮೂರು ಹಾಕು."

"ಮಾತು ಸಾಕು. ಎತ್ತಿ," ಎಂದರು ಫಿಸಿಯೋಥೆರಪಿಸ್ಟ್.

ಎತ್ತಿದ. ಗಡಿಯಾರದ ಸೆಕೆಂಡಿನ ಮುಳ್ಳು ಸುತ್ತತೊಡಗಿತು. ಅವನ ಕಣ್ಣು ಎದುರಿನ ಖಾಲಿ ಗೋಡೆಯ ಮೇಲಿತ್ತು, ಅಡ್ಡ ಬರುವ ಯಾರನ್ನೋ ನೋಡುತ್ತಿರುವವನ ಹಾಗೆ. ಹಿಮ್ಮಡಿ ನೆಲದ ಮೇಲೆ, ಪಾದ ಗಾಳಿಯಲ್ಲಿ. ನಿಮಿಷ ಮುಗಿಯುವ ಮುನ್ನ ಫಿಸಿಯೋಥೆರಪಿಸ್ಟ್ ಬಗ್ಗಿ, ಕೋನಮಾಪಕದ ಒಂದು ತೋಳನ್ನು ಎಲುಬಿಗೂ ಇನ್ನೊಂದನ್ನು ಪಾದದ ಅಂಚಿಗೂ ಹೊಂದಿಸಿ, ಕನ್ನಡಕ ಹಣೆಗೇರಿಸಿ ಓದಿದರು.

ಬಲಗಾಲು, ಮೂರನೆಯ ಸಲ: ಆರು ಡಿಗ್ರಿ.